ಪೊಲೀಸ್ ಮುಖ್ಯಸ್ಥರ ಕುರ್ಚಿ: ಎರಡು ವರ್ಷದ ಅಭಯ ಎಷ್ಟು ಭದ್ರ?

ಸರ್ಕಾರ ಬದಲಾದೊಡನೆ ಪೊಲೀಸ್ ಅಧಿಕಾರಿಗಳ ವರ್ಗಾವಣೆ ಪಟ್ಟಿ ಹೊರಬೀಳುವುದು ನಮ್ಮ ದೇಶದಲ್ಲಿ ಮಳೆಗಾಲದಷ್ಟೇ ಸಹಜ ಸಂಗತಿಯಾಗಿಬಿಟ್ಟಿದೆ. ಠಾಣೆಯ ಇನ್‌ಸ್ಪೆಕ್ಟರ್‌ನಿಂದ ಹಿಡಿದು ರಾಜ್ಯದ ಪೊಲೀಸ್ ಮಹಾನಿರ್ದೇಶಕರವರೆಗೆ ಯಾರ ಕುರ್ಚಿಯೂ ಇದಕ್ಕೆ ಹೊರತಲ್ಲ. ಆಡಳಿತ ನಡೆಸುವವರು ತಮಗೆ ಬೇಕಾದ ಅಧಿಕಾರಿಯನ್ನು ಇಟ್ಟುಕೊಂಡರೆ ತಪ್ಪೇನು ಎಂದು ಕೇಳುವವರೂ ಉಂಟು. ಆದರೆ ಆ ಅಧಿಕಾರಿಯ ಕೈಯಲ್ಲಿರುವುದು ಬಂಧಿಸುವ, ಬಿಡುವ, ತನಿಖೆ ನಡೆಸುವ ಅಧಿಕಾರ. ಆಳುವ ಪಕ್ಷದವರ ವಿರುದ್ಧವೇ ದೂರು ಬಂದಾಗ ಅದನ್ನು ದಾಖಲಿಸಿಕೊಳ್ಳಬೇಕಾದವನೂ ಅವನೇ. ಹೀಗಾಗಿ ಪೊಲೀಸ್ ಮುಖ್ಯಸ್ಥನ ಕುರ್ಚಿ ಯಾರ ಮರ್ಜಿಯಲ್ಲಿದೆ ಎಂಬ ಪ್ರಶ್ನೆ ಕಡೆಗೆ ಬಂದು ನಿಲ್ಲುವುದು ಠಾಣೆಯ ಮೆಟ್ಟಿಲು ಹತ್ತುವ ಸಾಮಾನ್ಯ ನಾಗರಿಕನ ಮುಂದೆ.

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2006ರಲ್ಲಿಯೇ ಒಂದು ಉತ್ತರ ಕೊಟ್ಟಿದೆ: ಪೊಲೀಸ್ ಮುಖ್ಯಸ್ಥನಿಗೆ ಕನಿಷ್ಠ ಎರಡು ವರ್ಷಗಳ ನಿಶ್ಚಿತ ಅಧಿಕಾರಾವಧಿ. ಆ ಉತ್ತರ ಎಷ್ಟರಮಟ್ಟಿಗೆ ಫಲ ನೀಡಿದೆ, ಎಲ್ಲಿ ಸೋರಿಹೋಗಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೇರಳದ ಒಂದು ಪ್ರಕರಣ

ನೆರೆಯ ಕೇರಳದಲ್ಲಿ ಟಿ.ಪಿ. ಸೆನ್‌ಕುಮಾರ್ ಅವರು 2015ರಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿ ನೇಮಕಗೊಂಡರು. ಆಗ ಅಲ್ಲಿದ್ದುದು ಕಾಂಗ್ರೆಸ್ ನೇತೃತ್ವದ ಸರ್ಕಾರ. 2016ರ ಮೇ ತಿಂಗಳ ಕೊನೆಯ ವಾರದಲ್ಲಿ ಎಡರಂಗ ಅಧಿಕಾರಕ್ಕೆ ಬಂದಿತು. ಸುಮಾರು ಒಂದು ವಾರದಲ್ಲಿ ಸೆನ್‌ಕುಮಾರ್ ಅವರನ್ನು ಆ ಹುದ್ದೆಯಿಂದ ತೆಗೆದು ಪೊಲೀಸ್ ಗೃಹನಿರ್ಮಾಣ ನಿಗಮಕ್ಕೆ ಕಳುಹಿಸಲಾಯಿತು.

ಸರ್ಕಾರ ಕೊಟ್ಟ ಕಾರಣಗಳು ಮೇಲ್ನೋಟಕ್ಕೆ ಬಲವಾಗಿಯೇ ಇದ್ದವು. ಆ ವರ್ಷದ ಏಪ್ರಿಲ್‌ನಲ್ಲಿ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಾಲಯದ ಸಿಡಿಮದ್ದು ದುರಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅದೇ ತಿಂಗಳು ಪೆರುಂಬಾವೂರಿನಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬಳ ಬರ್ಬರ ಹತ್ಯೆ ನಡೆದಿತ್ತು. ಇವೆರಡರಿಂದ ಪೊಲೀಸರ ಬಗ್ಗೆ ಜನರಲ್ಲಿ ತೀವ್ರ ಅಸಮಾಧಾನ ಮೂಡಿದೆ ಎಂಬುದು ಸರ್ಕಾರದ ವಾದ. ಕೇರಳ ಪೊಲೀಸ್ ಕಾಯ್ದೆ ಎರಡು ವರ್ಷದ ಅವಧಿಯನ್ನು ಮಾನ್ಯ ಮಾಡಿದರೂ, ಸಾರ್ವಜನಿಕ ಅಸಮಾಧಾನದ ಕಾರಣಕ್ಕೆ ಅವಧಿಗೆ ಮುನ್ನವೇ ವರ್ಗಾಯಿಸಲು ಅವಕಾಶ ಇಟ್ಟುಕೊಂಡಿತ್ತು.

ಕೇಂದ್ರ ಆಡಳಿತ ನ್ಯಾಯಮಂಡಳಿಯಲ್ಲಿಯೂ ಕೇರಳ ಹೈಕೋರ್ಟ್‌ನಲ್ಲಿಯೂ ಸೆನ್‌ಕುಮಾರ್ ಅವರಿಗೆ ಜಯ ಸಿಗಲಿಲ್ಲ. 2017ರ ಏಪ್ರಿಲ್ 24ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅವರನ್ನು ಮರಳಿ ಅದೇ ಹುದ್ದೆಗೆ ನೇಮಿಸುವಂತೆ ಆದೇಶಿಸಿತು. ಜನರ ಅಸಮಾಧಾನ ಎಂಬುದು ಸರ್ಕಾರ ತಾನೇ ಊಹಿಸಿಕೊಂಡು ಹೇಳುವ ಮಾತಾಗಬಾರದು, ಅದಕ್ಕೆ ಕಡತದಲ್ಲಿ ಆಧಾರವಿರಬೇಕು ಎಂಬುದು ಆ ತೀರ್ಪಿನ ಸಾರ. ಆದೇಶ ಜಾರಿಗೊಳಿಸುವ ಬದಲು ಸ್ಪಷ್ಟನೆ ಕೋರಿ ಹೋದ ರಾಜ್ಯ ಸರ್ಕಾರಕ್ಕೆ ನ್ಯಾಯಾಲಯ 25,000 ರೂಪಾಯಿ ದಂಡವನ್ನೂ ವಿಧಿಸಿತು. ಮೇ ಮೊದಲ ವಾರ ಸೆನ್‌ಕುಮಾರ್ ಮತ್ತೆ ಅಧಿಕಾರ ವಹಿಸಿಕೊಂಡರು. ಜೂನ್ 30ಕ್ಕೆ ನಿವೃತ್ತರಾದರು.

ಗೆಲುವು ಗೆಲುವೇ. ಆದರೆ ಕಳೆದುಹೋದ ಹನ್ನೊಂದು ತಿಂಗಳಿಗೆ ಪ್ರತಿಯಾಗಿ ಅವರಿಗೆ ದೊರೆತದ್ದು ಎರಡು ತಿಂಗಳಿಗೂ ಕಡಿಮೆ ಕಾಲ. ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಹೋರಾಡುವ ಛಲ ಎಷ್ಟು ಅಧಿಕಾರಿಗಳಲ್ಲಿರುತ್ತದೆ? ಬಹುತೇಕರು ಆದೇಶ ಕೈಸೇರಿದ ದಿನವೇ ಹೊಸ ಹುದ್ದೆಗೆ ಹೊರಟುಬಿಡುತ್ತಾರೆ.

ಒತ್ತಡ ಕೆಲಸ ಮಾಡುವ ಬಗೆ

ರಾಜಕೀಯ ಒತ್ತಡ ಎಂದೊಡನೆ ಮಂತ್ರಿಯೊಬ್ಬರು ದೂರವಾಣಿ ಕರೆ ಮಾಡಿ ಇಂಥವನನ್ನು ಬಿಡು ಎಂದು ಗದರಿಸುವ ಚಿತ್ರ ಕಣ್ಣಮುಂದೆ ಬರುತ್ತದೆ. ಅಂಥ ಕರೆಗಳಿಲ್ಲವೆಂದಲ್ಲ. ಆದರೆ ಉನ್ನತ ಹುದ್ದೆಗಳಲ್ಲಿ ಕರೆಯ ಅಗತ್ಯವೇ ಬೀಳುವುದಿಲ್ಲ. ನೇಮಿಸುವವರು ಯಾರು, ಎತ್ತಂಗಡಿ ಮಾಡುವವರು ಯಾರು, ನಿವೃತ್ತಿಯ ನಂತರ ಆಯೋಗವೊಂದರ ಅಧ್ಯಕ್ಷಗಿರಿ ಕೊಡುವವರು ಯಾರು ಎಂಬುದು ಅಧಿಕಾರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳದ ಮಾತನ್ನೂ ಅರಿತುಕೊಂಡು ನಡೆಯುವವನೇ ದಕ್ಷನೆನಿಸಿಕೊಳ್ಳುತ್ತಾನೆ. ಲಿಖಿತ ಆದೇಶವನ್ನಾದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಮೌನವಾಗಿ ಅರಿತು ನಡೆದುದನ್ನು ಪ್ರಶ್ನಿಸುವುದು ಹೇಗೆ?

ಇದರ ಬೇರು ವಸಾಹತು ಕಾಲದ ಕಾನೂನಿನಲ್ಲಿದೆ. 1857ರ ದಂಗೆಯ ನಂತರ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆಯನ್ನು ತಂದರು. ಪ್ರಜೆಗಳಿಗೆ ಉತ್ತರದಾಯಿಯಾದ ಪಡೆ ಅವರಿಗೆ ಬೇಕಿರಲಿಲ್ಲ, ಸರ್ಕಾರದ ಆಜ್ಞೆಗೆ ತಲೆಬಾಗುವ ಪಡೆ ಬೇಕಿತ್ತು. ಆದ್ದರಿಂದ ಪೊಲೀಸ್ ಪಡೆಯ ಮೇಲ್ವಿಚಾರಣೆ ಸರ್ಕಾರಕ್ಕೆ ಸೇರಿದ್ದು ಎಂದು ಕಾಯ್ದೆಯಲ್ಲಿ ಬರೆಯಲಾಯಿತು. ಸ್ವಾತಂತ್ರ್ಯದ ನಂತರ ರಾಜ್ಯಗಳು ರೂಪಿಸಿಕೊಂಡ ಕಾಯ್ದೆಗಳಲ್ಲಿಯೂ ಆ ಮಾತು ಉಳಿದುಕೊಂಡಿತು. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಇದಕ್ಕೆ ಹೊರತಲ್ಲ. ಮೇಲ್ವಿಚಾರಣೆ ಎಂದರೆ ಎಲ್ಲಿಯವರೆಗೆ? ಅನುದಾನ, ನೀತಿ, ಸಿಬ್ಬಂದಿ ಸಂಖ್ಯೆಗೆ ಸೀಮಿತವೇ, ಅಥವಾ ಯಾರ ಮೇಲೆ ಮೊಕದ್ದಮೆ ಹೂಡಬೇಕೆಂಬುದಕ್ಕೂ ವ್ಯಾಪಿಸುತ್ತದೆಯೇ? ಕಾನೂನು ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಲಿಲ್ಲ.

ಇಂಗ್ಲೆಂಡಿನಲ್ಲಿ 1968ರಷ್ಟು ಹಿಂದೆಯೇ ಲಾರ್ಡ್ ಡೆನಿಂಗ್ ಅವರು ಪ್ರಕರಣವೊಂದರಲ್ಲಿ ಈ ಗೆರೆಯನ್ನು ಎಳೆದಿದ್ದರು. ಯಾರನ್ನು ಬಂಧಿಸಬೇಕು, ಯಾರ ಮೇಲೆ ಮೊಕದ್ದಮೆ ಹೂಡಬೇಕು ಎಂದು ಪೊಲೀಸ್ ಮುಖ್ಯಸ್ಥನಿಗೆ ಯಾವ ಮಂತ್ರಿಯೂ ಹೇಳುವಂತಿಲ್ಲ, ಆ ವಿಷಯದಲ್ಲಿ ಅವನು ಕಾನೂನಿಗಷ್ಟೇ ಉತ್ತರ ಹೇಳಬೇಕಾದವನು ಎಂಬುದು ಅವರ ನಿಲುವು. ನಮ್ಮಲ್ಲಿಯೂ ಈ ತತ್ತ್ವವನ್ನು ಒಪ್ಪದವರಿಲ್ಲ. ಆದರೆ ತತ್ತ್ವಕ್ಕೆ ಬೆನ್ನೆಲುಬಾಗಿ ನಿಲ್ಲುವ ವ್ಯವಸ್ಥೆ ಬಹುಕಾಲ ಇರಲಿಲ್ಲ.

ಕಪಾಟು ಸೇರಿದ ವರದಿಗಳು

ತುರ್ತುಪರಿಸ್ಥಿತಿಯ ದಿನಗಳಲ್ಲಿ ಪೊಲೀಸ್ ಪಡೆ ಆಳುವವರ ಕೈಗೊಂಬೆಯಾದುದನ್ನು ದೇಶ ಕಂಡಿತು. ಅನಂತರ ನೇಮಕವಾದ ಷಾ ಆಯೋಗ, ಪೊಲೀಸರನ್ನು ರಾಜಕೀಯದ ನೆರಳಿನಿಂದ ದೂರವಿಡಬೇಕೆಂದು ಎಚ್ಚರಿಸಿತು. 1977ರಲ್ಲಿ ಜನತಾ ಸರ್ಕಾರ ರಾಷ್ಟ್ರೀಯ ಪೊಲೀಸ್ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರಾಗಿದ್ದವರು ಧರ್ಮವೀರ. ಕನ್ನಡಿಗರಿಗೆ ಅವರು ಅಪರಿಚಿತರಲ್ಲ. ನಾಡು ಇನ್ನೂ ಮೈಸೂರು ರಾಜ್ಯವೆಂಬ ಹೆಸರಿನಲ್ಲಿದ್ದಾಗ ಅವರು ಇಲ್ಲಿ ರಾಜ್ಯಪಾಲರಾಗಿದ್ದವರು.

ಆಯೋಗ 1979ರಿಂದ 1981ರವರೆಗೆ ಎಂಟು ವರದಿಗಳನ್ನು ಸಲ್ಲಿಸಿತು. ಪ್ರತಿ ರಾಜ್ಯದಲ್ಲಿಯೂ ಭದ್ರತಾ ಆಯೋಗ, ಪೊಲೀಸ್ ಮುಖ್ಯಸ್ಥರಿಗೆ ನಿಶ್ಚಿತ ಅವಧಿ ಮುಂತಾದ ಸಲಹೆಗಳು ಅದರಲ್ಲಿದ್ದವು. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಗಿತ್ತು, ವರದಿಗಳು ಕಪಾಟು ಸೇರಿದವು. ಮುಂದೆ 1998ರ ರಿಬೇರೊ ಸಮಿತಿ, 2000ದ ಪದ್ಮನಾಭಯ್ಯ ಸಮಿತಿಗಳೂ ಬಂದುಹೋದವು. ಯಾವ ಪಕ್ಷವೂ ವಿರೋಧ ಪಕ್ಷದಲ್ಲಿದ್ದಾಗ ಈ ಸುಧಾರಣೆಯನ್ನು ಬೇಡವೆನ್ನಲಿಲ್ಲ, ಅಧಿಕಾರದಲ್ಲಿದ್ದಾಗ ಬೇಕೆನ್ನಲಿಲ್ಲ.

ಈ ಜಡತೆಗೆ ಚುರುಕು ಮುಟ್ಟಿಸಿದವರು ಓರ್ವ ನಿವೃತ್ತ ಅಧಿಕಾರಿ. ಉತ್ತರ ಪ್ರದೇಶ ಹಾಗೂ ಅಸ್ಸಾಂಗಳಲ್ಲಿ ಪೊಲೀಸ್ ಮುಖ್ಯಸ್ಥರಾಗಿ, ಗಡಿ ಭದ್ರತಾ ಪಡೆಯ ಮಹಾನಿರ್ದೇಶಕರಾಗಿ ಸೇವೆ ಸಲ್ಲಿಸಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟ್ ಮೊರೆಹೋದರು. ತೀರ್ಪು ಬರಲು ಹತ್ತು ವರ್ಷ ಹಿಡಿಯಿತು. 2006ರ ಸೆಪ್ಟೆಂಬರ್ 22ರಂದು ಮುಖ್ಯ ನ್ಯಾಯಮೂರ್ತಿ ವೈ.ಕೆ. ಸಭರವಾಲ್ ನೇತೃತ್ವದ ಪೀಠ ಏಳು ನಿರ್ದೇಶನಗಳನ್ನು ನೀಡಿತು.

ಏಳರಲ್ಲಿ ಪೊಲೀಸ್ ಮುಖ್ಯಸ್ಥರಿಗೆ ನೇರವಾಗಿ ಸಂಬಂಧಿಸಿದ್ದು ಒಂದು. ಇಲಾಖೆಯ ಅತಿ ಹಿರಿಯ ಅಧಿಕಾರಿಗಳ ಸೇವಾದಾಖಲೆ ಪರಿಶೀಲಿಸಿ ಯುಪಿಎಸ್‌ಸಿ ಮೂವರ ಪಟ್ಟಿ ಸಿದ್ಧಪಡಿಸಬೇಕು, ರಾಜ್ಯ ಸರ್ಕಾರ ಆ ಮೂವರಲ್ಲಿ ಒಬ್ಬರನ್ನು ಆರಿಸಬೇಕು, ಆಯ್ಕೆಯಾದವರಿಗೆ ನಿವೃತ್ತಿಯ ದಿನಾಂಕ ಏನೇ ಇರಲಿ ಕನಿಷ್ಠ ಎರಡು ವರ್ಷ ಅವಧಿ ಇರಬೇಕು. ಇದರ ಜೊತೆಗೆ ವಲಯ, ಜಿಲ್ಲೆ ಹಾಗೂ ಠಾಣೆಯ ಹೊಣೆ ಹೊತ್ತ ಅಧಿಕಾರಿಗಳಿಗೂ ಎರಡು ವರ್ಷದ ಅವಧಿ, ವರ್ಗಾವಣೆ ನಿರ್ಧರಿಸಲು ಪೊಲೀಸ್ ಸಿಬ್ಬಂದಿ ಮಂಡಳಿ, ಸರ್ಕಾರದ ಅನಗತ್ಯ ಪ್ರಭಾವ ತಡೆಯಲು ರಾಜ್ಯ ಭದ್ರತಾ ಆಯೋಗ, ಪೊಲೀಸರ ವಿರುದ್ಧದ ಅಹವಾಲು ಕೇಳಲು ದೂರು ಪ್ರಾಧಿಕಾರ, ತನಿಖೆ ಮತ್ತು ಬಂದೋಬಸ್ತ್ ಕೆಲಸಗಳ ಬೇರ್ಪಡೆ, ಕೇಂದ್ರ ಪಡೆಗಳಿಗಾಗಿ ರಾಷ್ಟ್ರೀಯ ಭದ್ರತಾ ಆಯೋಗ ಇವು ಉಳಿದವು.

ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ನಮ್ಮಲ್ಲಿದೆ. ತೀರ್ಪಿನ ನಂತರ ನಡೆದದ್ದು ಹೆಚ್ಚುಕಡಿಮೆ ಅದೇ. ಹಲವು ರಾಜ್ಯಗಳು ತರಾತುರಿಯಲ್ಲಿ ತಮ್ಮದೇ ಕಾಯ್ದೆ ರೂಪಿಸಿ, ಆಡಳಿತಾತ್ಮಕ ಅಗತ್ಯ, ಸಾರ್ವಜನಿಕ ಹಿತಾಸಕ್ತಿ ಎಂಬಂಥ ವಿಶಾಲ ವಿನಾಯಿತಿಗಳನ್ನು ಅದರಲ್ಲಿ ಸೇರಿಸಿದವು. ಪಾಲನೆಯನ್ನು ಪರಿಶೀಲಿಸಲು ನೇಮಕವಾದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಸಮಿತಿ 2010ರಲ್ಲಿ ರಾಜ್ಯಗಳ ಉದಾಸೀನದ ಬಗ್ಗೆ ವಿಷಾದ ವ್ಯಕ್ತಪಡಿಸಿತು.

ಇನ್ನೊಂದು ದಾರಿ ಇನ್ನೂ ನಯವಾದದ್ದು. ಪೂರ್ಣಾವಧಿ ಮುಖ್ಯಸ್ಥನನ್ನು ನೇಮಿಸಿದರೆ ತಾನೇ ಎರಡು ವರ್ಷದ ಅಭಯ? ನೇಮಿಸದೆ ಹಂಗಾಮಿಯಾಗಿ ಇರಿಸಿಕೊಂಡರೆ ಯಾವ ಅಭಯವೂ ಇಲ್ಲ. ಹಂಗಾಮಿ ಅಧಿಕಾರಿಯನ್ನು ಯಾವ ದಿನ ಬೇಕಾದರೂ ಬದಲಾಯಿಸಬಹುದು, ಖಾಯಂ ಆಗುವ ಆಸೆಯೂ ಅವನಲ್ಲಿ ಜೀವಂತವಾಗಿರುತ್ತದೆ. ಒಂದೇ ಹಗ್ಗದ ಒಂದು ತುದಿಯಲ್ಲಿ ಭಯ, ಮತ್ತೊಂದು ತುದಿಯಲ್ಲಿ ಆಸೆ. ಇದಕ್ಕೆ ತದ್ವಿರುದ್ಧವಾದ ಉಪಾಯವೂ ಉಂಟು. ಮೆಚ್ಚಿನ ಅಧಿಕಾರಿಯನ್ನು ನಿವೃತ್ತಿಯ ಅಂಚಿನಲ್ಲಿ ನೇಮಿಸಿ, ತೀರ್ಪಿನ ಹೆಸರಿನಲ್ಲಿಯೇ ಎರಡು ವರ್ಷ ಹೆಚ್ಚುವರಿ ಸೇವೆ ದಯಪಾಲಿಸುವುದು. ರಕ್ಷಣೆಗೆಂದು ಕೊಟ್ಟ ನಿಯಮ ಹೀಗೆ ಬಹುಮಾನವಾಗಿ ಮಾರ್ಪಟ್ಟಿತು.

2018ರ ಜುಲೈ 3ರಂದು ಸುಪ್ರೀಂ ಕೋರ್ಟ್ ಈ ಎರಡೂ ಬಾಗಿಲು ಮುಚ್ಚಲು ಯತ್ನಿಸಿತು. ಹಂಗಾಮಿ ಪೊಲೀಸ್ ಮಹಾನಿರ್ದೇಶಕರನ್ನು ನೇಮಿಸಲೇಕೂಡದು, ಹುದ್ದೆ ತೆರವಾಗುವ ಮೂರು ತಿಂಗಳು ಮುಂಚೆಯೇ ಯುಪಿಎಸ್‌ಸಿಗೆ ಪ್ರಸ್ತಾವ ಕಳುಹಿಸಬೇಕು ಎಂದು ಹೇಳಿತು. ಆರು ತಿಂಗಳಾದರೂ ಸೇವೆ ಉಳಿದಿರುವವರನ್ನು ಮಾತ್ರ ಪಟ್ಟಿಗೆ ಪರಿಗಣಿಸಬೇಕೆಂದು 2019ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ತಮ್ಮದೇ ಕಾನೂನಿನಂತೆ ಆಯ್ಕೆ ಮಾಡಿಕೊಳ್ಳಲು ಅನುಮತಿ ಕೇಳಿದ ಐದು ರಾಜ್ಯಗಳ ಮನವಿಯನ್ನು ಅದೇ ವರ್ಷದ ಜನವರಿಯಲ್ಲಿ ತಳ್ಳಿಹಾಕಿತ್ತು.

ಆದೇಶದ ಗತಿ ಏನಾಯಿತೆಂಬುದಕ್ಕೆ ಉತ್ತರ ಪ್ರದೇಶವೇ ನಿದರ್ಶನ. 2022ರ ಮೇ ತಿಂಗಳಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರನ್ನು ಅವಧಿಗೆ ಮುನ್ನವೇ ತೆಗೆದುಹಾಕಲಾಯಿತು. ಅಲ್ಲಿಂದ 2025ರ ಜೂನ್‌ವರೆಗೆ ಒಬ್ಬರ ಹಿಂದೊಬ್ಬರಂತೆ ಐವರು ಹಂಗಾಮಿಯಾಗಿಯೇ ಆ ಕುರ್ಚಿಗೆ ಬಂದರು. 2024ರ ನವೆಂಬರ್‌ನಲ್ಲಿ ಆ ರಾಜ್ಯ, ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯ ಮೂಲಕ ತಾನೇ ಆಯ್ಕೆ ಮಾಡಿಕೊಳ್ಳುವ ನಿಯಮಾವಳಿಯನ್ನೂ ರೂಪಿಸಿಕೊಂಡಿತು.

ಕರ್ನಾಟಕದ ಅನುಭವ

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಭದ್ರತಾ ಆಯೋಗ, ಸಿಬ್ಬಂದಿ ಮಂಡಳಿ ಹಾಗೂ ದೂರು ಪ್ರಾಧಿಕಾರಗಳಿಗೆ ಕಾನೂನಿನ ಸ್ಥಾನ ನೀಡಿತು. ಅದೇ ವರ್ಷ ರಾಜ್ಯದ ಪೊಲೀಸ್ ಮಹಾನಿರ್ದೇಶಕರ ನೇಮಕವೇ ಆಡಳಿತ ನ್ಯಾಯಮಂಡಳಿ ಮತ್ತು ಹೈಕೋರ್ಟ್ ಮೆಟ್ಟಿಲೇರಿದ್ದು ಹಲವರ ನೆನಪಿನಲ್ಲಿರಬಹುದು. ಮೂವರ ಪಟ್ಟಿ ಸಿದ್ಧಪಡಿಸಿದ ರೀತಿ ಸರಿಯಿತ್ತೇ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಪಟ್ಟಿ ಮಾಡುವುದು ಯುಪಿಎಸ್‌ಸಿಯೇ ಆದರೂ ಅದರ ಮುಂದೆ ಕಡತ ಇಡುವುದು ರಾಜ್ಯ ಸರ್ಕಾರ ಎಂಬುದನ್ನು ಮರೆಯಲಾಗದು.

2025ರ ಮೇ ತಿಂಗಳಲ್ಲಿ ಅಲೋಕ್ ಮೋಹನ್ ಅವರು ಹುದ್ದೆಯಿಂದ ನಿರ್ಗಮಿಸಿದಾಗ ಎಂ.ಎ. ಸಲೀಂ ಅವರಿಗೆ ಮೊದಲು ದೊರೆತದ್ದು ಪ್ರಭಾರ ಹೊಣೆ. ಖಾಯಂ ನೇಮಕವಾದದ್ದು ಕೆಲವು ತಿಂಗಳ ಬಳಿಕ. ಈ ಮಧ್ಯದ ಅವಧಿಯಲ್ಲಿಯೇ ಬೆಂಗಳೂರು ಒಂದು ದೊಡ್ಡ ದುರಂತವನ್ನು ಕಂಡಿತು. ಜೂನ್ 4ರಂದು ಆರ್‌ಸಿಬಿ ತಂಡದ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತವಾಗಿ 11 ಜನ ಪ್ರಾಣ ಕಳೆದುಕೊಂಡರು. ಮರುದಿನವೇ ನಗರ ಪೊಲೀಸ್ ಆಯುಕ್ತ ಬಿ. ದಯಾನಂದ ಸೇರಿದಂತೆ ಐವರು ಅಧಿಕಾರಿಗಳ ಅಮಾನತನ್ನು ಸರ್ಕಾರ ಪ್ರಕಟಿಸಿತು.

ಪೊಲೀಸರ ತಪ್ಪೇ ಇರಲಿಲ್ಲ ಎಂದು ಯಾರೂ ಹೇಳಲಾರರು. ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಜುಲೈನಲ್ಲಿ ಸಲ್ಲಿಸಿದ ವರದಿಯಲ್ಲಿ ಸಂಘಟಕರ ಜೊತೆಗೆ ಪೊಲೀಸರ ಲೋಪವನ್ನೂ ಗುರುತಿಸಿತು. ಗಮನಿಸಬೇಕಾದದ್ದು ಕ್ರಮವನ್ನು. ಅಮಾನತು ಬಂದದ್ದು ದುರಂತದ ಮರುದಿನ, ಆಯೋಗದ ವರದಿ ಬಂದದ್ದು ಒಂದು ತಿಂಗಳ ನಂತರ. ಅಮಾನತಾದ ಹಿರಿಯ ಅಧಿಕಾರಿಗಳಲ್ಲೊಬ್ಬರು ಆಡಳಿತ ನ್ಯಾಯಮಂಡಳಿಗೆ ಹೋದರು. ಸಾಕಷ್ಟು ಆಧಾರವಿಲ್ಲದೆ ಕ್ರಮ ಕೈಗೊಳ್ಳಲಾಗಿದೆ ಎಂದ ಮಂಡಳಿ ಜುಲೈ 1ರಂದು ಅಮಾನತನ್ನು ರದ್ದುಪಡಿಸಿತು. ಪೊಲೀಸರು ದೇವರೂ ಅಲ್ಲ, ಮಾಂತ್ರಿಕರೂ ಅಲ್ಲ ಎಂಬರ್ಥದ ಅದರ ಮಾತು ವ್ಯಾಪಕ ಚರ್ಚೆಗೆ ಕಾರಣವಾಯಿತು. ತಿಂಗಳ ಕೊನೆಗೆ ಉಳಿದವರ ಅಮಾನತನ್ನೂ ಸರ್ಕಾರ ಹಿಂಪಡೆಯಿತು.

ಪುಟ್ಟಿಂಗಲ್ ಮತ್ತು ಚಿನ್ನಸ್ವಾಮಿ ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಜನರ ಕೋಪ ಉಕ್ಕಿದಾಗ ಯಾರನ್ನಾದರೂ ಹೊಣೆ ಮಾಡಲೇಬೇಕಾಗುತ್ತದೆ, ಪೊಲೀಸ್ ಮುಖ್ಯಸ್ಥನ ತಲೆ ಸುಲಭಕ್ಕೆ ಸಿಗುತ್ತದೆ. ಒಂದು ಪ್ರಕರಣದಲ್ಲಿದ್ದುದು ಎಡರಂಗ, ಮತ್ತೊಂದರಲ್ಲಿ ಕಾಂಗ್ರೆಸ್, ಹಂಗಾಮಿಗಳ ಸರಣಿ ನಡೆದ ಉತ್ತರ ಪ್ರದೇಶದಲ್ಲಿದ್ದುದು ಬಿಜೆಪಿ. ಹಾಗಾಗಿ ಇದನ್ನು ಒಂದು ಪಕ್ಷದ ದೋಷವೆಂದು ಕೈತೊಳೆದುಕೊಳ್ಳುವಂತಿಲ್ಲ.

ಸಿಬಿಐ ಕಲಿಸಿದ ಪಾಠ

ಕೇಂದ್ರದಲ್ಲಿಯೂ ಕಥೆ ಬೇರೆಯಲ್ಲ. 1997ರ ವಿನೀತ್ ನಾರಾಯಣ್ ತೀರ್ಪಿನಲ್ಲಿಯೇ ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷದ ಅವಧಿಯನ್ನು ನಿಗದಿಪಡಿಸಲಾಗಿತ್ತು. ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಹಾಗೂ ವಿರೋಧ ಪಕ್ಷದ ನಾಯಕರ ಸಮಿತಿ ಅವರನ್ನು ಆರಿಸುವ ಪದ್ಧತಿ ಮುಂದೆ ಲೋಕಪಾಲ ಕಾಯ್ದೆಯೊಂದಿಗೆ ಜಾರಿಗೆ ಬಂದಿತು. ಆದರೂ 2018ರ ಅಕ್ಟೋಬರ್ 23ರ ನಡುರಾತ್ರಿ ನಿರ್ದೇಶಕ ಅಲೋಕ್ ವರ್ಮಾ ಅವರ ಅಧಿಕಾರವನ್ನು ಕಿತ್ತುಕೊಂಡು ರಜೆಯ ಮೇಲೆ ಕಳುಹಿಸಲಾಯಿತು. ಆಯ್ಕೆ ಸಮಿತಿಯನ್ನು ಕೇಳದೆ ಹೀಗೆ ಮಾಡುವಂತಿಲ್ಲ ಎಂದು 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆದೇಶವನ್ನು ರದ್ದುಪಡಿಸಿತು. ಎರಡೇ ದಿನಗಳಲ್ಲಿ ಸಮಿತಿ ಸೇರಿ, 2-1 ಬಹುಮತದಿಂದ ಅವರನ್ನು ತೆಗೆಯಿತು. ಭಿನ್ನಮತ ದಾಖಲಿಸಿದವರು ನಮ್ಮವರೇ ಆದ ಮಲ್ಲಿಕಾರ್ಜುನ ಖರ್ಗೆ.

2021ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ, ಬಳಿಕ ಕಾಯ್ದೆಯ ಮೂಲಕ, ಸಿಬಿಐ ನಿರ್ದೇಶಕರ ಅವಧಿಯನ್ನು ಒಂದೊಂದೇ ವರ್ಷದಂತೆ ಒಟ್ಟು ಐದು ವರ್ಷದವರೆಗೆ ವಿಸ್ತರಿಸಲು ಅವಕಾಶ ಕಲ್ಪಿಸಲಾಯಿತು. ಐದು ವರ್ಷ ಎಂದರೆ ಎರಡಕ್ಕಿಂತ ಹೆಚ್ಚಲ್ಲವೇ ಎನಿಸಬಹುದು. ಆದರೆ ಒಮ್ಮೆಗೇ ಕೊಟ್ಟ ಐದು ವರ್ಷಕ್ಕೂ ವರ್ಷ ವರ್ಷ ಅಳೆದು ಕೊಡುವ ಐದು ವರ್ಷಕ್ಕೂ ಅಜಗಜಾಂತರ. ಮೊದಲನೆಯದು ಅಧಿಕಾರಿಗೆ ಬೆನ್ನೆಲುಬು ಕೊಡುತ್ತದೆ, ಎರಡನೆಯದು ಪ್ರತಿ ವರ್ಷ ಆ ಬೆನ್ನನ್ನು ಬಗ್ಗಿಸುವ ಅಪಾಯವಿದೆ. ಯಾವ ನಿರ್ದೇಶಕರೂ ಹಾಗೆ ಬಗ್ಗಿದರೆಂದು ಇಲ್ಲಿ ಹೇಳುತ್ತಿಲ್ಲ. ವ್ಯವಸ್ಥೆಯನ್ನು ಅಳೆಯಬೇಕಾದದ್ದು ವ್ಯಕ್ತಿಯ ಸಜ್ಜನಿಕೆಯಿಂದಲ್ಲ, ಅದು ಒಡ್ಡುವ ಆಮಿಷದಿಂದ.

ಹಾಗಾದರೆ ಲಗಾಮು ಬೇಡವೇ?

ಪೊಲೀಸ್ ಮುಖ್ಯಸ್ಥನನ್ನು ಯಾರೂ ಮುಟ್ಟುವಂತಿಲ್ಲವೆಂದರೆ ಅವನೇ ನಿರಂಕುಶನಾಗುವುದಿಲ್ಲವೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಕಾನೂನು ಸುವ್ಯವಸ್ಥೆಗೆ ವಿಧಾನಸಭೆಯಲ್ಲಿ ಉತ್ತರ ಹೇಳಬೇಕಾದವರು ಗೃಹ ಮಂತ್ರಿ. ಹೊಣೆ ಅವರದು, ಅಧಿಕಾರ ಮಾತ್ರ ಇನ್ನೊಬ್ಬರದು ಎಂದರೆ ಅದು ಪ್ರಜಾತಂತ್ರವಾಗದು. ಲಾಠಿ, ಬಂದೂಕು ಹಿಡಿದ ಪಡೆಯ ಮೇಲೆ ಚುನಾಯಿತರ ಹಿಡಿತ ಇರಲೇಬೇಕು.

2006ರ ತೀರ್ಪು ಈ ಹಿಡಿತವನ್ನು ಅಲ್ಲಗಳೆದಿಲ್ಲ. ಮೂವರಲ್ಲಿ ಒಬ್ಬರನ್ನು ಆರಿಸುವ ಹಕ್ಕು ಸರ್ಕಾರದ ಕೈಯಲ್ಲೇ ಇದೆ. ಶಿಸ್ತುಕ್ರಮಕ್ಕೆ ಒಳಗಾದರೆ, ಅಪರಾಧ ಅಥವಾ ಭ್ರಷ್ಟಾಚಾರದ ಪ್ರಕರಣದಲ್ಲಿ ಶಿಕ್ಷೆಯಾದರೆ, ಕರ್ತವ್ಯ ನಿರ್ವಹಿಸಲು ಅಸಮರ್ಥರಾದರೆ ರಾಜ್ಯ ಭದ್ರತಾ ಆಯೋಗದೊಡನೆ ಸಮಾಲೋಚಿಸಿ ಅವಧಿಗೆ ಮುನ್ನವೂ ತೆಗೆಯಬಹುದು. ಪೊಲೀಸರ ದೌರ್ಜನ್ಯದ ವಿರುದ್ಧ ದೂರು ಪ್ರಾಧಿಕಾರವನ್ನೂ ಅದೇ ತೀರ್ಪು ವಿಧಿಸಿದೆ. ಅದು ನಿಷೇಧಿಸಿದ್ದು ಕಾರಣ ಹೇಳದೆ, ಕಡತದಲ್ಲಿ ಬರೆಯದೆ, ಇಷ್ಟಬಂದಾಗ ಎತ್ತಿಹಾಕುವುದನ್ನು ಮಾತ್ರ. ಸ್ವಾತಂತ್ರ್ಯ ಮತ್ತು ಉತ್ತರದಾಯಿತ್ವ ಒಂದಕ್ಕೊಂದು ವೈರಿಗಳಲ್ಲ. ರಾಜ್ಯಗಳು ಭದ್ರತಾ ಆಯೋಗವನ್ನು ನಾಮಕಾವಸ್ತೆ ಮಾಡಿಟ್ಟು, ದೂರು ಪ್ರಾಧಿಕಾರವನ್ನು ನಿರ್ಲಕ್ಷಿಸಿದಾಗ ಎರಡೂ ಏಕಕಾಲಕ್ಕೆ ಸೊರಗುತ್ತವೆ.

ಪರಿಹಾರಕ್ಕೆ ಹೊಸ ಆಯೋಗ ಬೇಕಿಲ್ಲ. ಹುದ್ದೆ ತೆರವಾಗುವ ದಿನಾಂಕ ತಿಂಗಳುಗಳ ಮುಂಚೆಯೇ ಗೊತ್ತಿರುತ್ತದೆ, ಪಟ್ಟಿಯನ್ನು ಆಗಲೇ ಕಳುಹಿಸಿದರೆ ಪ್ರಭಾರದ ಪ್ರಶ್ನೆಯೇ ಬಾರದು. ಅವಧಿಗೆ ಮುನ್ನ ತೆಗೆಯುವುದಾದರೆ ಕಾರಣವನ್ನು ಬರೆದು ಸದನದಲ್ಲಿ ಮಂಡಿಸಲಿ. ದುರಂತ ನಡೆದಾಗ ತಪ್ಪು ಯಾರದೆಂದು ಮೊದಲು ತಿಳಿಯಲಿ, ದಂಡನೆ ಆಮೇಲಿರಲಿ.

ಅಧಿಕಾರದಲ್ಲಿರುವವರು ಈ ಸುಧಾರಣೆಯನ್ನು ತಮಗೆ ಹಾಕಿದ ಕಡಿವಾಣವೆಂದು ಭಾವಿಸುತ್ತಾರೆ. ಆದರೆ ಇಂದು ಆಳುವವರು ನಾಳೆ ವಿರೋಧ ಪಕ್ಷದ ಸಾಲಿನಲ್ಲಿ ಕೂರುವವರು. ಅಂದು ತಮ್ಮ ಮೇಲೆ ಸುಳ್ಳು ಮೊಕದ್ದಮೆ ಬಿದ್ದರೆ ನ್ಯಾಯ ಕೇಳಲು ಅವರಿಗೂ ಬೇಕಾಗುವುದು ಯಾರ ಮುಲಾಜಿಗೂ ಒಳಗಾಗದ ಅಧಿಕಾರಿಯೇ. ಶಿಫಾರಸು ಹಿಡಿದು ಬರಲಾಗದ ಬಡವನಿಗಂತೂ ಅವನು ಪ್ರತಿದಿನವೂ ಬೇಕು.